ಹುಸಿ ಕಿಟಕಿಯಲ್ಲಿ ದೀಪ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅಮೆರಿಕದ ಕ್ಯಾರಲ್ಟನ್ನಿನಲ್ಲಿ ನಾವು ಕೊಂಡ ಮನೆ ಹಳೆಯ ಇಂಗ್ಲಿಷ್ ಟೌನ್‌ಹೌಸಿನ ನಕಲು. ಇಂಗ್ಲೆಂಡಿನಲ್ಲಿ ಹಿಂದೆ ಕಿಟಕಿಗೂ ತೆರಿಗೆಯಿತ್ತಂತೆ. ತಪ್ಪಿಸಿಕೊಳ್ಳಲು ಜನ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿದರಂತೆ. ನಮ್ಮ ಬಿಲ್ಡರ್ ಅದನ್ನೂ ಬಿಡದೆ, ಬಾಗಿಲ ಪಕ್ಕದ ಹೊರಗೋಡೆಯಲ್ಲಿ ತುಸು ಒಳಸರಿದ, ಇಟ್ಟಿಗೆಯಿಂದ ಮುಚ್ಚಿದ ಕಿಟಕಿಯನ್ನೇ ಕಟ್ಟಿದ್ದ! ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಮೈಸೂರಿನಿಂದ ಬಂದ ಅಮ್ಮ, “ಇದು ಕಿಟಕಿಯಲ್ಲ ಕಣೇ, ದೀಪದ ಗೂಡು” ಎಂದು ದೀಪಾವಳಿಗೆ ಅದರಲ್ಲಿ ಹಣತೆಗಳನ್ನು ಸಾಲಾಗಿ ಹಚ್ಚಿಟ್ಟಳು.

ನಮ್ಮ ಬಡಾವಣೆಯ ಅಸೋಸಿಯೇಷನ್ನಿನವನು ಓಡಿಬಂದ. ಕಿಟಕಿಯಲ್ಲಿ ಬೆಂಕಿಯಿಡುವುದು ರೂಲ್ಸಿಗೆ ವಿರುದ್ಧ ಎಂದ.

“ಕಿಟಕಿಯೇ? ಎಲ್ಲಿ, ತೆಗೆದು ತೋರಿಸಿ!” ಎಂದೆ.

ಅವನು ಇಟ್ಟಿಗೆಯನ್ನು ತಟ್ಟಿ ನೋಡಿದ. ನಗು ತಡೆಯಲಾರದೆ ಹೊರಟುಹೋದ.

ಅಮ್ಮ ಹಣತೆಗಳಿಗೆ ಇನ್ನಷ್ಟು ಎಣ್ಣೆ ಹೊಯ್ದಳು.