ಗಿರಿಜಕ್ಕನ ಬೆರಳು

ಗಿರಿಜಕ್ಕ, ಆ ದಿನ ಯಂತ್ರದ ಪರದೆ ಮುಂದಿನ ಪುಟಕ್ಕೆ ಹೋದದ್ದು ನಿಮ್ಮ ಬೆರಳಿನಿಂದಲ್ಲ. ಮೇಜಿನ ಕೆಳಗೆ, ನನ್ನ ತೊಡೆಯ ಮೇಲೊಂದು ಕೀಬೋರ್ಡ್ ಇತ್ತು — ಒತ್ತಿದ್ದು ನಾನು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಮಣಿಪಾಲದ ನಮ್ಮ ಕೋಣೆ ನಿಮಗೆ ನೆನಪಿರಬಹುದು. ವಯಸ್ಸಾದವರು, ಕಣ್ಣು ಕಾಣದವರು, ಕೈ ನಡುಗುವವರು ಯಾರ ಹಂಗೂ ಇಲ್ಲದೆ ಬಳಸಬೇಕಾದರೆ ಯಂತ್ರಗಳ ಪರದೆ ಹೇಗಿರಬೇಕು — ಅದರ ನಿಯಮಗಳನ್ನು ನಾವು ನಾಲ್ಕು ಜನ ಅಲ್ಲಿ ಬರೆಯುತ್ತಿದ್ದೆವು. ಆ ಕೆಲಸದ ಬಗ್ಗೆ ನನಗೆ ಅಂದೂ ಹೆಮ್ಮೆ, ಇಂದೂ ಹೆಮ್ಮೆ, ಮುಚ್ಚಿಡುವುದಿಲ್ಲ. ಕಲ್ಯಾಣಪುರದ ಕಣ್ಣು ಕಾಣದ ಮಾಸ್ಟ್ರೊಬ್ಬರು ಯಂತ್ರದ ದನಿ ಕೇಳುತ್ತಾ ತಾವೇ ಟೋಕನ್ ತೆಗೆದುಕೊಂಡ ದಿನ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಆಮೇಲೆ ನಮ್ಮ ಯಂತ್ರವನ್ನು ಒತ್ತಿ ನೋಡಲು ಕಾಪುವಿನಿಂದ ನೀವು ಬಂದಿರಿ. ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು — ತುದಿ ಒಣಗಿ, ಗೆರೆಯೇ ಉಳಿಯದಷ್ಟು ಸವೆದಿತ್ತು. ಎದುರಿಗೆ ಆಸ್ಪತ್ರೆಯ ಟೋಕನ್ ಯಂತ್ರದ ಮಾದರಿ. ಪರದೆಯ ಮೇಲಿನ ಗುಂಡಿಯನ್ನು ಒತ್ತಿದಿರಿ. ಒಣ ಬೆರಳು ಪರದೆಗೆ ಗೊತ್ತಾಗಲಿಲ್ಲ, ಏನೂ ಆಗಲಿಲ್ಲ. ಮತ್ತೆ ಒತ್ತಿದಿರಿ. ಪಕ್ಕದಲ್ಲಿ ಕುಳಿತವರು ಸಹಾಯ ಮಾಡಬಾರದು ಎಂಬ ನಿಯಮವನ್ನು ಬರೆದವನೇ ನಾನು. ಆದರೆ ಆ ಗುಂಡಿಯನ್ನು ರೂಪಿಸಿದವನೂ ನಾನೇ — ಪರೀಕ್ಷೆಯ ಹಾಳೆಯಲ್ಲಿ ನಿಮಗಿಂತ ಮೊದಲು ಬಂದ ಎಲ್ಲರ ಹೆಸರಿನ ಮುಂದೆ 'ಆಯಿತು' ಎಂದು ಬರೆದಾಗಿತ್ತು. ಕೊನೆಗೆ ಬಂದು ಒಂದು 'ಇಲ್ಲ' ಬರೆಯುವುದೆಂದರೆ... ಕೀ ಒತ್ತಿಬಿಟ್ಟೆ.

"ಹೋಯ್ತಲ್ಲ ಮಾರಾಯ್ರೆ! ನಾನೇ ಮಾಡಿದ್ದು, ಅಲ್ವಾ?" ಎಂದಿರಿ. ಮುಖ ಅರಳಿತ್ತು ನಿಮ್ಮದು.

"ಹೌದು ಗಿರಿಜಕ್ಕ, ನೀವೇ."

ಕನಿಕರದಿಂದ ಒತ್ತಿದೆ ಎಂದು ಬಹಳ ದಿನ ನನ್ನನ್ನೇ ನಂಬಿಸಿಕೊಂಡೆ. ಸುಳ್ಳು. ಜಂಬದಿಂದ ಒತ್ತಿದೆ.

ಆ ಗುಂಡಿ ಹಾಗೆಯೇ ನಿಯಮವಾಯಿತು, ಯಂತ್ರಗಳೂ ಬಂದವು. ಕಳೆದ ತಿಂಗಳು ಕಾರ್ಕಳದ ಒಂದು ಕ್ಲಿನಿಕ್ಕಿನಲ್ಲಿ ಸಾಲು ನಿಂತಿದ್ದೆ — ನನ್ನ ಮುಂದೆ ನೀವು, ಜೊತೆಗೆ ಮಗಳು. ಮೂರು ಸಲ ಒತ್ತಿದಿರಿ. ಸೆರಗಿಗೆ ಬೆರಳು ಒರೆಸಿಕೊಂಡು ಮತ್ತೆ ಒತ್ತಿದಿರಿ. ಆಮೇಲೆ ಮಗಳಿಗೆ ಹೇಳಿದಿರಿ: "ನೀನೇ ಒತ್ತು ಮಗಾ. ಅವತ್ತು ಮಣಿಪಾಲದಲ್ಲಿ ಆಗಿತ್ತು. ಈಗ ನನ್ನ ಬೆರಳೇ ಸತ್ತಿದೆ ಕಾಣ್ತದೆ."

ನಾನು ಹಿಂದೆಯೇ ನಿಂತು ಕೇಳಿಸಿಕೊಂಡೆ. ನಿಮ್ಮ ಬೆರಳಿಗೆ ಏನೂ ಆಗಿಲ್ಲ ಗಿರಿಜಕ್ಕ. ಅದು ಮೊದಲ ದಿನವೇ ನನ್ನ ಗುಂಡಿಯ ತಪ್ಪನ್ನು ಹೇಳಿತ್ತು. ಬರೆದುಕೊಳ್ಳಬೇಕಾದವನು ಸುಳ್ಳು ಬರೆದ.

ಮರುದಿನ ತಂಡದ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಹಳೆಯ ಹಾಳೆಯಲ್ಲಿ ನಿಮ್ಮ ಹೆಸರಿನ ಮುಂದಿದ್ದ 'ಆಯಿತು' ಹೊಡೆದುಹಾಕಿ, 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಈಗ ಹೊಸದೊಂದು ನಿಯಮ ಸೇರಿದೆ — ಪರದೆಯ ಕೆಳಗೆ, ಒತ್ತಿದರೆ ಟಕ್ಕೆಂದು ಒಳಗೆ ಹೋಗುವ ದಪ್ಪ ಗುಂಡಿಯೊಂದು ಇರಲೇಬೇಕು. ನಾವು ಬರೆದದ್ದರಲ್ಲೆಲ್ಲ ನನಗೆ ಹೆಚ್ಚು ಹೆಮ್ಮೆ ಇರುವುದು ಅದರ ಬಗ್ಗೆ. ಅದನ್ನು ಬರೆಸಿದ್ದು ನಿಮ್ಮ ಬೆರಳು.

ಮೊದಲ ಯಂತ್ರ ಸಿದ್ಧವಾಗಿದೆ. ಈ ಕಾಗದವನ್ನು ನಾನೇ ಕಾಪುವಿಗೆ ತಂದು ನಿಮ್ಮೆದುರು ಓದುತ್ತೇನೆ, ಬೈಯುವುದಿದ್ದರೆ ಬೈಯಿರಿ. ಮನಸ್ಸಾದರೆ ಮತ್ತೊಮ್ಮೆ ಮಣಿಪಾಲಕ್ಕೆ ಬನ್ನಿ. ಈ ಸಲ ನನ್ನ ಎರಡೂ ಕೈ ಮೇಜಿನ ಮೇಲೆ, ನಿಮಗೆ ಕಾಣುವಲ್ಲಿ ಇರುತ್ತವೆ.