ಹಲಗೆಗೋಡೆಯಾಚೆಯ ಕಂಪ್ಯೂಟರ್

ಬೀದಿಗೆಲ್ಲ ಅವಳು ಫೋಟೋ ಅಕ್ಕ. ಫೋಟೋ ತೆಗೆಯುವುದರಲ್ಲಿ ಅವಳದೊಂದು ಕಳ್ಳಾಟವಿತ್ತು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿಸಿ, ಭುಜ ನೆಟ್ಟಗೆ ಮಾಡಿಸಿ, ಸುಮ್ಮನೆ ಒಂದೆರಡು ಸಲ ಕ್ಲಿಕ್ಕಿಸಿ "ಆಯ್ತು ಬಿಡಿ" ಅನ್ನುವಳು. ಉಸಿರು ಬಿಗಿಹಿಡಿದು ಕೂತವರು 'ಅಬ್ಬ, ಮುಗೀತು' ಎಂದು ಸಡಿಲಾಗುವ ಹೊತ್ತಿಗೆ ಟಕ್ಕನೆ ಇನ್ನೊಂದು ಹೊಡೆಯುವಳು. ಗಿರಾಕಿಗೆ ಕೊಡುತ್ತಿದ್ದುದು ಅದನ್ನೇ.

ಅವಳು ತೆಗೆದದ್ದನ್ನು ಕಂಪ್ಯೂಟರಿನಲ್ಲಿ ತಿದ್ದುವವಳು ತಂಗಿ. ತಿದ್ದುವ ಕೈ ಸ್ವಲ್ಪ ಧಾರಾಳ. ಮಚ್ಚೆ, ಮೊಡವೆ, ಕಣ್ಣ ಕೆಳಗಿನ ಕಪ್ಪು, ಎಲ್ಲ ಮಾಯ! ಒಮ್ಮೆ ಒಬ್ಬ ಅಜ್ಜಿಯ ಮುಖದ ಸುಕ್ಕುಗಳನ್ನೆಲ್ಲ ಅಳಿಸಿಹಾಕಿದಳು. ಅಜ್ಜಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಹುಡುಗಿ ಲಕ್ಷಣವಾಗಿದ್ದಾಳೆ. ಯಾರಮ್ಮ ಇವಳು?" ಅಂದರು. ಅಕ್ಕ ಗಿರಾಕಿಯ ಎದುರಿಗೇ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ತಂಗಿಗೆ ಆ ನಗು ಚುಚ್ಚಿತು. ಮಾತಿಗೆ ಮಾತು ಬೆಳೆದು, ಕೊನೆಗೆ ಬಡಗಿ ಬಂದು ಅಂಗಡಿಯ ನಟ್ಟನಡುವೆ ಪ್ಲೈವುಡ್ ಗೋಡೆ ಹೊಡೆದ. ಇಬ್ಬರ ಕಂಪ್ಯೂಟರುಗಳನ್ನು ಕೂಡಿಸಿದ್ದ ಕೇಬಲ್ಲನ್ನು ಅಕ್ಕ ಕಿತ್ತು, ಸುತ್ತಿ, ಡ್ರಾಯರಿಗೆ ತುರುಕಿದಳು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ತಂಗಿ ಆಚೆ ಸೀನಿದರೆ ಅಕ್ಕನಿಗೆ "ಬಿಸಿನೀರು ಕುಡಿಯೇ" ಅನ್ನುವಾಸೆ. ಅವಳ ಹರಟೆಯಿಲ್ಲದೆ ಅಂಗಡಿ ಬಿಕೋ ಅನ್ನುತ್ತಿತ್ತು. ಆದರೆ ತಾನಾಗಿ ಮೊದಲು ಮಾತಾಡಿಸುವುದೇ? ಜಪ್ಪಯ್ಯ ಅಂದರೂ ಇಲ್ಲ.

ಸಾಲದ್ದಕ್ಕೆ ಗೋಡೆ ಎದ್ದಾಗಿನಿಂದ ಕಂಪ್ಯೂಟರೂ ಮುನಿಸಿಕೊಂಡು ಆಗಾಗ ನಿಂತುಬಿಡುತ್ತಿತ್ತು. ಒಂದು ದಿನ ಈಜು ಕಲಿಸುವ ಮೇಷ್ಟ್ರು ಬಂದು ಕೂತಿದ್ದರು. ಕೊಳಕ್ಕೆ ಮೊದಲ ಸಲ ಧುಮುಕಿದ ಮಕ್ಕಳ ಫೋಟೋಗಳನ್ನು ಅಕ್ಕ ತೆಗೆದಿದ್ದಳು; ಮೇಷ್ಟ್ರು ಅವನ್ನು ಸಂಜೆ ಅಪ್ಪ ಅಮ್ಮಂದಿರಿಗೆ ತೋರಿಸಬೇಕು. ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಮುಗಿಯಿತು. ಅಕ್ಕ ಕಾಪಿ ಒತ್ತಿದಳು. ಫೈಲುಗಳಿದ್ದ ಕಿಟಕಿ ಬೆಳ್ಳಗೆ ಬಿಳಿಚಿಕೊಂಡು ನಿಂತೇ ಹೋಯಿತು. ಮುಚ್ಚಿ ತೆರೆದಳು. ಪೆನ್‌ಡ್ರೈವ್ ಬದಲಿಸಿದಳು. ವೈರಸ್ ಹುಡುಕಿಸಿದಳು. ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದಳು. ಬಾಯಿಗೆ ಬಂದಂತೆ ಬೈದದ್ದೂ ಆಯಿತು. ಇಂಥದ್ದನ್ನೆಲ್ಲ ಸರಿಮಾಡುತ್ತಿದ್ದವಳು ತಂಗಿ. ಈಗ ರಿಪೇರಿಯವನಿಗೆ ಫೋನ್ ಮಾಡದೆ ದಾರಿಯಿರಲಿಲ್ಲ.

"ಎಡಗಡೆ ಡ್ರೈವ್‌ಗಳ ಸಾಲು ಇದ್ಯಲ್ಲ ಅಕ್ಕ, ಯಾವುದಕ್ಕಾದ್ರೂ ಕೆಂಪು ಗುರುತು ಬಿದ್ದಿದ್ಯಾ ನೋಡಿ," ಅಂದ ಅವನು.

ಬಿದ್ದಿತ್ತು. ಅದರ ಹೆಸರು 'ತಂಗಿ'. ಕೇಬಲ್ ಇದ್ದಾಗ ತಂಗಿಯ ಕಂಪ್ಯೂಟರಿಗೆ ಹೋಗುತ್ತಿದ್ದ ದಾರಿ ಅದು.

"ಅದೇ ತಕರಾರು. ಆ ಕಂಪ್ಯೂಟರ್ ಈಗ ಸಿಗ್ತಿಲ್ಲ, ಆದ್ರೂ ನಿಮ್ಮದು ಅದನ್ನೇ ಹುಡುಕ್ಕೊಂಡು ಕಾಯ್ತಾ ನಿಂತುಬಿಡತ್ತೆ. ಆ ಹೆಸರನ್ನ ಅಳಿಸಿ ಹಾಕಿ, ಸರಿಹೋಗತ್ತೆ."

ಅಕ್ಕ ಮೌಸಿನ ಬಾಣವನ್ನು ಆ ಹೆಸರಿನ ಮೇಲೆ ತಂದಿಟ್ಟಳು. ಬೆರಳು ಮಾತ್ರ ಒತ್ತಲೊಲ್ಲದು.

"ಯಾಕಕ್ಕ, ಮತ್ತೆ ಹ್ಯಾಂಗ್ ಆಯ್ತಾ?" ಮೇಷ್ಟ್ರು ಇಣುಕಿದರು. ಈ ಸಲ ಹ್ಯಾಂಗ್ ಆಗಿದ್ದವಳು ಅಕ್ಕ.

ಅಷ್ಟರಲ್ಲಿ ಹಲಗೆಯಾಚೆ ಯಾರೋ ಮೇಜು ಗುದ್ದಿದ ಸದ್ದು. ಹಿಂದೆಯೇ ತಂಗಿಯ ದನಿ: "ಥೂ, ಕಾಪಿ ಮಾಡೋಕೆ ಹೋದ್ರೆ ಸಾಕು, ನಿಂತ್ಕೊಳತ್ತೆ ದರಿದ್ರದ್ದು!"

ಅಕ್ಕನ ಕಿವಿ ನೆಟ್ಟಗಾಯಿತು. ಹಠ, ಬಿಗುಮಾನ ಎಲ್ಲ ಮರೆತೇಹೋಗಿ ಬಾಯಿ ತಾನಾಗಿ ತೆರೆಯಿತು. "ನಿಂದೂ ನಿಂತುಹೋಗ್ತಾ ಇದ್ಯೇನೇ?"

ಆಚೆ ಕುರ್ಚಿ ಹಲಗೆಯ ಹತ್ತಿರಕ್ಕೆ ಸರಿದ ಸದ್ದು. ಆಮೇಲೆ ಮೆಲ್ಲಗೆ, "ನಿಂದೂನಾ?"

"ಗೋಡೆ ಎದ್ದಾಗ್ಲಿಂದ."

"ನಂದೂ ಅಷ್ಟೇ."

"ಕೇಳಿಲ್ಲಿ, ಅಳಿಸಿಹಾಕಿದ್ರೆ ಸರಿಹೋಗತ್ತಂತೆ."

"ಗೊತ್ತು. ನನಗೆ ಮೊದಲನೇ ದಿನಾನೇ ಗೊತ್ತಾಯ್ತು."

"ಗೊತ್ತಿದ್ದೂ ಒದ್ದಾಡ್ತಾ ಕೂತಿದ್ಯಾ? ಊರವರ ಮಚ್ಚೆ, ಸುಕ್ಕು ಒಂದನ್ನೂ ಬಿಡದೆ ಅಳಿಸೋಳಿಗೆ ಇದೇನು ಮಹಾ ಕೆಲಸ?"

ತಂಗಿ ಮೂಗೆಳೆದುಕೊಂಡದ್ದು ಹಲಗೆಯಿಂದೀಚೆಗೂ ಕೇಳಿಸಿತು. "ಅದರ ಮೇಲೆ 'ಅಕ್ಕ' ಅಂತ ಬರೆದಿತ್ತು ಕಣೇ. ಕೈ ಬರ್ಲಿಲ್ಲ."

ಅಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಣ್ಣು ತುಂಬಿ ಡ್ರಾಯರೇ ಕಾಣದೆ, ತಡಕಾಡಿ ಕೇಬಲ್ಲನ್ನು ಹೊರಗೆಳೆದಳು. ಮೇಷ್ಟ್ರು ತಾವಾಗಿಯೇ ಎದ್ದು ಹಲಗೆಯ ಕೆಳಮೂಲೆಯನ್ನು ಮೀಟಿ ಹಿಡಿದರು. ಬಡಗಿಯ ಮೊಳೆಗಳು ಕಿರ್ರೆಂದವು. ಆ ಸಂದಿಯಲ್ಲಿ ಅಕ್ಕ ಕೇಬಲ್ಲಿನ ತುದಿ ತೂರಿಸಿದರೆ, ಆಚೆಯ ಕೈ ತುದಿಯ ಜೊತೆಗೆ ಅವಳ ಬೆರಳನ್ನೂ ಹಿಡಿದು ಎಳೆಯಿತು.

"ಬಿಡೇ, ನೋಯತ್ತೆ!"

"ನೋಯ್ಲಿ ಬಿಡು!"

ಕೆಂಪು ಗುರುತು ಹೋಯಿತು. ಮಕ್ಕಳು ಒಬ್ಬರ ಹಿಂದೊಬ್ಬರಂತೆ ಪೆನ್‌ಡ್ರೈವಿಗೆ ಧುಮುಕತೊಡಗಿದರು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ತನ್ನ ಕಡೆಯ ಹಿಂಬಾಗಿಲಿನಿಂದ ಬೀದಿ ಸುತ್ತಿಕೊಂಡು ಓಡಿಬಂದ ತಂಗಿ ಬಾಗಿಲಲ್ಲಿ ನಿಂತಿದ್ದಳು. ಕೆದರಿದ ತಲೆ, ಕೆಂಪು ಮೂಗು. ಅಕ್ಕ ಕ್ಯಾಮೆರಾ ಎತ್ತಿದಳು. ತಂಗಿ ಗಡಿಬಿಡಿಯಲ್ಲಿ ಕೂದಲು ಸರಿಮಾಡಿಕೊಂಡು ಬಿಗಿಯಾಗಿ ನಿಂತಳು.

"ಆಯ್ತು ಬಿಡು," ಅಂದಳು ಅಕ್ಕ.

ಎಷ್ಟು ವರ್ಷ ನೋಡಿದ ಆಟವಾದರೂ ತಂಗಿ ಮತ್ತೆ ಮೋಸಹೋಗಿ ಫಕ್ಕನೆ ನಕ್ಕಳು. ಟಕ್!

ಅಕ್ಕ ಕ್ಯಾಮೆರಾದ ಪರದೆ ತಿರುಗಿಸಿ ತೋರಿಸಿದಳು. "ಮೂಗು ಕೆಂಪಗಿದೆ. ಬೇಕಾದ್ರೆ ತಿದ್ಕೋ, ನಾನು ನಗಲ್ಲ."

ತಂಗಿ ಬಹಳ ಹೊತ್ತು ನೋಡಿದಳು. "ಬೇಡ ಕಣೇ," ಅಂದಳು, "ಹೀಗೇ ಇರ್ಲಿ."