ಸುರಗಿಯ ದಿನ ಅಕ್ಕನ ಕೂದಲು

ಹಣೆಯ ಮೇಲೆ ಜಿಡ್ಡು ಒಂದಿಷ್ಟೂ ಇರಬಾರದು, ಇದ್ದರೆ ಟೇಪು ಹಿಡಿಯುವುದಿಲ್ಲ ಎಂದು ಮಿರಜದ ಕೂದಲಿನ ಅಂಗಡಿಯವನು ಒತ್ತಿ ಹೇಳಿ ಕಳಿಸಿದ್ದ. ಅಕ್ಕನ ಮಗಳ ಲಗ್ನದ ಸುರಗಿಯ ದಿನ ಬೆಳಿಗ್ಗೆ ನಾನು ಅಕ್ಕನನ್ನು ಒಳಕೋಣೆಯ ಕಿಟಕಿಗೆ ಮುಖ ಮಾಡಿ ಕೂರಿಸಿ, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಈ ಕಿವಿಯಿಂದ ಆ ಕಿವಿಯವರೆಗೆ ಒರೆಸಿದೆ.

"ತಣ್ಣಗ ಆಗತೈತಿ. ಸೂಜಿ ಚುಚ್ಚೂಕಿಂತ ಮೊದಲ ನರ್ಸಬಾಯಿ ಹಿಂಗ ಒರಸ್ತಿದ್ಲು," ಅಂದಳು.

"ಇಲ್ಲಿ ಸೂಜಿ ಇಲ್ಲ. ಸುಮ್ನ ಕೂಡ."

"ಮಾಸ್ತರಬಾಯಿ ಆದಿ ಅಂತ ನನಗೂ ಬೈತಿ ಏನ ಬೇ?"

ನಮ್ಮ ಮನೆತನದಲ್ಲಿ ಡಿಗ್ರಿ ಮೊದಲು ಪಡೆದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಿಪ್ಪಾಣಿಯಲ್ಲಿ ಅವ್ವ ಬೀಡಿ ಕಟ್ಟುತ್ತಿದ್ದಳು. ಅವಳ ಕಣ್ಣು ಮಂಜಾದಾಗ ಅಕ್ಕ ಏಳನೇ ಇಯತ್ತೆಗೆ ಸಾಲಿ ಬಿಟ್ಟು ಬೀಡಿಯ ಮೊರ ಹಿಡಿದು ಕೂತಳು. ನಾನು ಪಾಟಿಚೀಲ ಹಿಡಿದು ಹೊರಗೆ ಹೋದೆ. ಮುಂದೆ ಚಿಕ್ಕೋಡಿಯಲ್ಲಿ ಕಾಲೇಜು ಮುಗಿಸಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ನಿಂತಾಗ ನನಗಿಂತ ಅವಳೇ ಹೆಚ್ಚು ಬೀಗಿದಳು. ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ "ನಮ್ಮ ತಂಗಿ ಬಿ.ಎಸ್ಸಿ. ಆಗ್ಯಾಳ್ರಿ" ಎಂದು ಹೇಳಿ ಬರುತ್ತಿದ್ದಳು.

ಅವಳನ್ನು ರಾಯಬಾಗದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಎದೆಯಲ್ಲಿ ಗಂಟು ಕಾಣಿಸಿಕೊಂಡದ್ದು ಅಲ್ಲೇ. ಕುಡಚಿಯಲ್ಲಿ ರೈಲು ಹತ್ತಿ ಮಿರಜದ ಆಸ್ಪತ್ರೆಗೆ ನಾವಿಬ್ಬರೂ ಹೋಗಿಬರುತ್ತಿದ್ದೆವು. ಔಷಧಿಯ ಕಾವಿಗೆ ಕೂದಲು ದಿಂಬಿಗೆ ಅಂಟಿ ಉಳಿಯತೊಡಗಿತು. ಆಗ ಅವಳು ಅಳಲಿಲ್ಲ. ಬೇನೆ ಎಲುಬಿಗೆ ಇಳಿದಿದೆ ಎಂದು ಡಾಕ್ಟರು ಹೇಳಿದ ದಿನವೂ ಅಳಲಿಲ್ಲ. ಮಗಳ ಲಗ್ನ ಅಥಣಿಯ ಹುಡುಗನ ಜೊತೆ ಗೊತ್ತಾದ ದಿನ, ಎಲ್ಲರೂ ಪೇಡೆ ತಿನ್ನುತ್ತಿರುವಾಗ, ಬಚ್ಚಲಿಗೆ ಹೋಗಿ ಅತ್ತಳು.

"ಸುರಗ್ಯಾಗ ಸೆರಗ ಹೊದ್ದ ಕೂಡಾಕ ಬರಂಗಿಲ್ಲ. ಬೋಳ ತಲಿ ನೋಡಿದ್ರ ಅಥಣಿಯವರು ಏನಂತಾರ? ತಾಯಿಗಿ ಇಂಥಾ ಬ್ಯಾನಿ ಇದ್ರ ಮಗಳಿಗೂ ಬರತೈತಿ ಅನ್ನಾಂಗಿಲ್ಲೇನು?"

ಬೀಗರಿಗೆ ಬರೀ ಗಂಟಿನ ಆಪರೇಶನ್ ಎಂದಷ್ಟೇ ಗೊತ್ತಿತ್ತು. "ನಾನು ಮಾತಾಡ್ತೇನಿ, ವಿಜ್ಞಾನ ಹೇಳ್ತೇನಿ" ಅಂದೆ. "ನಿನ್ನ ವಿಜ್ಞಾನ ಸಾಲ್ಯಾಗ ಇಟಕೋ," ಅಂದಳು. "ನನಗ ಮಗಳ ಬಾಜೂಕ ಹೂ ಮುಡಕೊಂಡ ಕೂಡುದೈತಿ. ಅಷ್ಟ ಮಾಡಿ ಕೊಡ."

ಹಾಗೆ ಮಿರಜದಿಂದ ಆ ಕಟ್ಟುಗೂದಲು, ವಿಗ್ಗು, ತಂದೆ. ಮುಂದಿನ ಅಂಚಿಗೆ ಸೊಳ್ಳೆಪರದೆಗಿಂತ ತೆಳುವಾದ ಜಾಳಿಗೆ ಇರುತ್ತದೆ. ಒಂದೊಂದೇ ಕೂದಲು ಅದರಲ್ಲಿ ಗಂಟು ಹಾಕಿರುತ್ತಾರೆ. ಸುರಗಿ ಅಂದರೆ ನಮ್ಮಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ನೀರು. ನಾಲ್ಕು ಮೂಲೆಗೆ ತುಂಬಿದ ತಂಬಿಗೆ ಇಟ್ಟು, ಸುತ್ತ ದಾರ ಸುತ್ತಿ, ಒಳಗೆ ಮದುಮಗಳನ್ನೂ ತಾಯಿಯನ್ನೂ ಮಣೆಯ ಮೇಲೆ ಕೂರಿಸಿ ಮುತ್ತೈದೆಯರು ತಲೆ ಮೇಲೆ ನೀರು ಹಾಕುತ್ತಾರೆ. ಅದಕ್ಕೇ ನಾನು ಅಂಗಡಿಯವನನ್ನು ಮರಾಠಿಯಲ್ಲಿ ಕೇಳಿದ್ದೂ ನೀರು ಬಿದ್ದರೆ ನಡೆಯುತ್ತದೆಯೇ ಎಂದೇ. "ಚಾಲೇಲ್ ಕೀ, ಬಿನಧಾಸ್ತ," ನಡೆಯುತ್ತದೆ, ಚಿಂತೆ ಬೇಡ ಎಂದ. ಗಟ್ಟಿ ಟೇಪನ್ನೇ ಕೊಟ್ಟ.

ಅದನ್ನು ಸಣ್ಣಸಣ್ಣ ತುಂಡು ಮಾಡಿ ಹಣೆಯ ಬಾಗಿಗೆ ತಕ್ಕಂತೆ ಹಚ್ಚಿದೆ. ಉದ್ದ ತುಂಡು ಹಚ್ಚಿದರೆ ನಕ್ಕಾಗ ಸುಕ್ಕುಗಟ್ಟುತ್ತದೆ. ಮೇಲಿನ ಕಾಗದ ಸುಲಿದು, ಜಾಳಿಗೆಯನ್ನು ಮೊದಲು ನಟ್ಟನಡುವೆ ಇಟ್ಟು, ಬಾಚಣಿಗೆಯ ಹಿಡಿಯಿಂದ ಒತ್ತುತ್ತ ಎರಡೂ ಕಡೆ ಸರಿದೆ. ಉಳಿದ ಅಂಚನ್ನು ಕತ್ತರಿಯಿಂದ ಓರೆಕೋರೆ ಕತ್ತರಿಸಿದೆ. ನೆಟ್ಟಗೆ ಕತ್ತರಿಸಿದರೆ ಗೆರೆ ಕಾಣುತ್ತದೆ. ಬೈತಲೆಗೆ ಕುಂಕುಮ ಇಟ್ಟು, ಮಲ್ಲಿಗೆ ಮುಡಿಸಿ ಕನ್ನಡಿ ಕೊಟ್ಟೆ.

ಅಕ್ಕ ಬಹಳ ಹೊತ್ತು ನೋಡಿಕೊಂಡಳು. "ಅವ್ವನಂಗ ಕಾಣ್ತೇನಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿನಗಿಂತ ಚಂದ ಅದೇನಿ ನೋಡ," ಎಂದು ನಕ್ಕಳು. ಟೇಪು ಅಲುಗಲಿಲ್ಲ.

ಅಂಗಳದಲ್ಲಿ ದಾರ ಸುತ್ತಿ ಆಗಿತ್ತು. ಅಕ್ಕ ಮಗಳ ಪಕ್ಕ ಮಣೆಯ ಮೇಲೆ ಕೂತಳು. ಅಥಣಿಯಿಂದ ಎಣ್ಣೆ-ಅರಿಷಿಣ ತಂದಿದ್ದ ಬೀಗತಿ ಗಟ್ಟಿಮುಟ್ಟಾದ, ನಗುನಗುತ್ತಲೇ ಮಾತಾಡುವ ಹೆಂಗಸು. ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಮದುಮಗಳ ಪಾದ, ಮೊಣಕಾಲು, ಭುಜ ಮುಟ್ಟಿಸಿದಳು. ನೆತ್ತಿಗೆ ಬಂದಾಗ ಗರಿಕೆ ಬಿಟ್ಟು ಬೊಗಸೆಯಲ್ಲೇ ಎಣ್ಣೆ ಸುರಿದು ತಿಕ್ಕಿದಳು. ಅದು ಹುಡುಗಿಯ ಹಣೆಯ ಮೇಲೆ ಧಾರೆಯಾಗಿ ಇಳಿದು ಕಿವಿಯ ಹಿಂದೆ ಹರಿಯಿತು.

"ಇನ್ನ ನಮ್ಮ ಬೀಗತಿ ಪಾಳಿ. ಒಂದ ಕೂದಲಾ ಒಣಗ ಉಳಿಸಂಗಿಲ್ಲ ನೋಡ್ರಿ! ಎಷ್ಟ ಕಳಿ ಬಂದೈತಿ ತಲಿಗಿ!"

ದಾರದ ಹೊರಗೆ ನಿಂತಿದ್ದ ನನಗೆ ಆಗ ಹೊಳೆಯಿತು. ತೆಗೆಯುವಾಗ ಎಣ್ಣೆ ಹಚ್ಚಿರಿ, ಟೇಪು ತಾನೇ ಬಿಡುತ್ತದೆ ಎಂದು ಆ ಅಂಗಡಿಯವನೇ ಹೇಳಿದ್ದ. ನೀರಿನ ಬಗ್ಗೆ ಅಷ್ಟು ಯೋಚಿಸಿದ ನಾವಿಬ್ಬರೂ ನೀರಿಗಿಂತ ಮೊದಲು ಎಣ್ಣೆ ಬರುತ್ತದೆ ಎಂಬುದನ್ನು ಮರೆತಿದ್ದೆವು. ಅಕ್ಕ ನನ್ನ ಮುಖ ನೋಡಿದಳು. ಅವಳಿಗೂ ತಿಳಿದಿತ್ತು.

ಅವಳು ಮಣೆಯಿಂದ ಎದ್ದಳು.

"ತಡೀರಿ ಬೀಗತಿ. ನನಗ ಮೈಯಾಗ ಜ್ವರ ಅದಾವ, ಎಣ್ಣಿ-ನೀರ ತಡಿಯೂದಿಲ್ಲ. ನಮ್ಮ ತಂಗಿ ಕೂಡ್ತಾಳ."

"ಅಯ್ಯ, ತಾಯಿ ಇರೂವಾಗ ಚಿಗವ್ವನ್ನ ಯಾಕ ಕೂಡಸ್ತೀರಿ?" ಎಂದು ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು.

"ಕೂಡ್ಲಿ ಬಿಡ್ರಿ ಆಯಿ. ದೊಡ್ಡ ದೊಡ್ಡ ಬುಕ್ಕ ಓದ್ಯಾಳ, ಇದೊಂದ ಗೊತ್ತಿಲ್ಲ. ರೂಢಿ ಆಗ್ಲಿ."

ಹೆಂಗಸರೆಲ್ಲ ನಕ್ಕರು. ಯಾರೋ ದಾರ ಎತ್ತಿ ಹಿಡಿದರು. ಅಕ್ಕ ತಲೆ ಬಾಗಿಸಿ ಹೊರಗೆ ಬಂದಳು, ನಾನು ಒಳಗೆ ಹೋದೆ. ದಾಟುವಾಗ ನನ್ನ ಮೊಣಕೈ ಹಿಡಿದು ಕಿವಿಯಲ್ಲಿ, "ಅಳಬ್ಯಾಡ. ಹುಡುಗಿ ನೋಡಾಕತ್ತಾಳ," ಎಂದಳು.

ಬೀಗತಿ ನನ್ನ ನೆತ್ತಿಗೆ ಎಣ್ಣೆ ಸುರಿದಳು. ತಂಬಿಗೆ ತಂಬಿಗೆ ನೀರು ಬಿತ್ತು. ನೀರಿನಡಿಯಲ್ಲಿ ಅತ್ತರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದೆ, ಹುಡುಗಿಗೆ ತಿಳಿಯಿತು. ಒದ್ದೆ ಸೀರೆಯ ಮರೆಯಲ್ಲಿ ನನ್ನ ಕೈ ಹಿಡಿದಳು. ದಾರದ ಆಚೆ ಅಕ್ಕ ಒಣ ಸೀರೆಯಲ್ಲಿ, ತುಂಬಿದ ತುರುಬಿನಲ್ಲಿ, ಮಲ್ಲಿಗೆ ಮುಡಿದು ನಿಂತಿದ್ದಳು. ಅಷ್ಟು ಚೆಂದ ಅವಳು ತನ್ನ ಲಗ್ನದಲ್ಲೂ ಕಂಡಿರಲಿಲ್ಲ.

ಮಗಳು ಗಂಡನ ಮನೆಗೆ ಹೊರಟ ಮೇಲೆ ಅದೇ ಒಳಕೋಣೆಯಲ್ಲಿ ಕದ ಮುಚ್ಚಿಕೊಂಡೆವು. ಬಟ್ಟಲಿನಲ್ಲಿ ಸುರಗಿಯ ಎಣ್ಣೆ ಉಳಿದಿತ್ತು. ಅದನ್ನೇ ಬೆರಳಿಗೆ ತಗೊಂಡು ಹಣೆಯ ಅಂಚಿಗೆ ಹಚ್ಚಿದೆ. ಟೇಪು ಮೆತ್ತಗಾಗಿ ಬಿಡತೊಡಗಿತು. ಕೂದಲು ಎತ್ತಿ ಪಕ್ಕಕ್ಕಿಟ್ಟು, ಆ ಬರಿ ನೆತ್ತಿಯ ಮೇಲೂ ಒಂದಿಷ್ಟು ಎಣ್ಣೆ ತಿಕ್ಕಿದೆ.

"ಹಚ್ಚ, ಹಚ್ಚ," ಅಂದಳು ಕಣ್ಣು ಮುಚ್ಚಿಕೊಂಡು. "ನನ್ನ ಪಾಲಿಂದ ಅದು."

ಆ ವರ್ಷದ ನಾಗರಪಂಚಮಿಯ ಹೊತ್ತಿಗೆ ಅಕ್ಕ ಬದುಕಿರಲಿಲ್ಲ. ಮಗಳನ್ನು ತವರಿಗೆ ಕರೆಯಲು ಉಂಡಿ ಕಟ್ಟಿಕೊಂಡು ಅಥಣಿಗೆ ನಾನೇ ಹೋದೆ. ಅಷ್ಟರಲ್ಲಿ ಬೇನೆಯ ಹೆಸರು ಅವರಿಗೆ ಗೊತ್ತಾಗಿತ್ತು. ಬೀಗತಿ ಒಂದು ಕೆಟ್ಟ ಮಾತು ಆಡಲಿಲ್ಲ. ಸೊಸೆಯ ತಲೆ ಬಾಚಿ ಹೆರಳು ಹಾಕುತ್ತ ಕೂತಿದ್ದಳು.

"ಅಂಥಾ ಬ್ಯಾನ್ಯಾಗೂ ನಿಮ್ಮ ಅಕ್ಕಗ ಎಂಥಾ ಕೂದಲಾ ಇದ್ದೂರಿ," ಅಂದಳು. "ನಾ ಕಣ್ಣಾರೆ ನೋಡೇನಿ. ಮಗಳಿಗೂ ಅವ ಬಂದಾವ."

ಹುಡುಗಿ ತಲೆ ಎತ್ತಲಿಲ್ಲ.

"ಹೌದ್ರಿ," ಅಂದೆ. "ನಮ್ಮ ಅವ್ವಂದೂ ಹಂಗ ಇದ್ದೂ."